ನಮೂನೆ 3ರಲ್ಲಿ ಇಲ್ಲದ ಕಾಲಂ: ಒಂದು ಜನನ-ಮರಣ ನೋಂದಣಿ ವಿಭಾಗದ ಅನುಭವ

ವಿಜಯಪುರ ಜಿಲ್ಲೆಯ ಪಟ್ಟಣವೊಂದರ ಜನನ-ಮರಣ ನೋಂದಣಿ ವಿಭಾಗಕ್ಕೆ ನಾನು ಎರಡು ಕೆಲಸಗಳಿಗಾಗಿ ಅಲೆದಿದ್ದೇನೆ. ಮೊದಲನೆಯದು ಮಗಳ ಜನನ ಪ್ರಮಾಣಪತ್ರದ ತಿದ್ದುಪಡಿ. ಎರಡನೆಯದು, ಹೆರಿಗೆಗೆಂದು ತವರಿಗೆ ಬಂದಿದ್ದ ತಂಗಿಗೆ ಮೂವತ್ನಾಲ್ಕನೆಯ ವಾರದಲ್ಲಿ ಹುಟ್ಟಿದ, ಹುಟ್ಟುವಾಗಲೇ ಉಸಿರಿಲ್ಲದಿದ್ದ ಗಂಡುಮಗುವಿನ ನೋಂದಣಿ.

ತಿದ್ದುಪಡಿಯ ಕೆಲಸಕ್ಕೆ ಮೂರು ಸಲ ಹೋಗಬೇಕಾಯಿತು. ಅದರಲ್ಲಿ ಒಂದು ಸಲ ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಉತ್ತರ ಕೇಳಿಯೇ ಮರಳಿದೆ. ಹೆಂಡತಿಯ ಹೆಸರು ಶೈಲಾ ಎಂದಿರಬೇಕಾದಲ್ಲಿ ಶೀಲಾ ಎಂದಾಗಿತ್ತು. 1969ರ ಜನನ-ಮರಣ ನೋಂದಣಿ ಕಾಯ್ದೆಯ ಪ್ರಕಾರ ಆಸ್ಪತ್ರೆಯಲ್ಲಿ ಆದ ಹೆರಿಗೆಯ ಮಾಹಿತಿಯನ್ನು 21 ದಿನಗಳೊಳಗೆ ಕೊಡಬೇಕಾದವರು ಅಲ್ಲಿನ ವೈದ್ಯಾಧಿಕಾರಿಯೇ ಹೊರತು ತಂದೆ-ತಾಯಿಯಲ್ಲ. ಅನುಕೂಲವೇನೋ ಹೌದು, ಆದರೆ ಕೇಸ್ ಪೇಪರಿನಲ್ಲಿ ಯಾರೋ ಅವಸರದಲ್ಲಿ ಗೀಚಿದ ಅಕ್ಷರ ನಮ್ಮ ಕಣ್ಣಿಗೆ ಬೀಳುವುದು ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ. ಇಬ್ಬರು ಬಲ್ಲವರ ಹೇಳಿಕೆ ಬರೆಸಿಕೊಟ್ಟ ನಂತರ ತಿದ್ದುಪಡಿಯಾಯಿತು. ಆಗಲೂ ಮೂಲ ದಾಖಲೆಯನ್ನು ಅಳಿಸುವುದಿಲ್ಲ, ಅಂಚಿನಲ್ಲಿ ಷರಾ ಬರೆಯುತ್ತಾರೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನ್ಮದಿನಾಂಕಕ್ಕೆ ಇದೇ ಕಾಗದ ಆಧಾರವಾಗಿರುವಾಗ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಅಲ್ಲಿನವರು ನೋಂದಣಿಗೆ ಕಳಿಸುವ ಮಾಹಿತಿ ನಮೂನೆಯನ್ನು ಕೇಳಿ ಓದಿ ನೋಡುವುದು ಒಳ್ಳೆಯದು.

ಎರಡನೆಯ ಕೆಲಸದ ಬಗ್ಗೆಯೇ ಹೆಚ್ಚು ಬರೆಯಬೇಕಾಗಿದೆ. ಜೀವಂತ ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2, ನಿರ್ಜೀವ ಜನನಕ್ಕೆ ನಮೂನೆ 3. ಗುಮಾಸ್ತರು ತೋರಿಸಿದ ಆ ಮೂರನೆಯ ನಮೂನೆಯಲ್ಲಿ ದಿನಾಂಕ, ಲಿಂಗ, ತಂದೆ-ತಾಯಿಯ ಹೆಸರು, ಹುಟ್ಟಿದ ಸ್ಥಳ ಎಲ್ಲವೂ ಇದ್ದವು. ಕೆಳಗಿನ ಅಂಕಿಅಂಶದ ಭಾಗದಲ್ಲಿ ತಾಯಿಯ ವಯಸ್ಸು, ಗರ್ಭದ ವಾರಗಳು, ಸಾವಿನ ಕಾರಣ ಕೂಡ. ಮಗುವಿನ ಹೆಸರನ್ನು ಎಲ್ಲಿ ಬರೆಯಬೇಕು ಎಂದು ನಾನು ಕೇಳಿದೆ. ‘ಇದಕ್ಕ ಹೆಸರಿನ ಕಾಲಂನ ಇಲ್ರಿ, ಸರ’ ಎಂದರು. ಜೀವಂತ ಹುಟ್ಟಿದ ಮಗುವಿನ ಹೆಸರನ್ನು ನೋಂದಣಿಯಾದ ಎಷ್ಟೋ ವರ್ಷಗಳ ನಂತರವೂ ಸೇರಿಸಲು ಅವಕಾಶವಿದೆ, ಇಲ್ಲಿ ಸೇರಿಸುವ ಜಾಗವೇ ಇಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೂ ಇಪ್ಪತ್ತಾರನೆಯ ವಾರದಲ್ಲಿ ಹೀಗೆಯೇ ಆಗಿತ್ತು. ಗಂಡ-ಹೆಂಡತಿ ಖುದ್ದಾಗಿ ನೋಂದಣಾಧಿಕಾರಿಯ ಎದುರು ಕುಳಿತು, ಇಟ್ಟ ಹೆಸರನ್ನೇ ಬರೆಸಿ ಪ್ರಮಾಣಪತ್ರ ಪಡೆದರು. ಅದಕ್ಕೆ ಅಲ್ಲಿ 42 ದಿನಗಳ ಗಡುವಿದೆ. ನಿರ್ಜೀವ ಜನನವೆಂದು ನೋಂದಾಯಿಸಲು ಗರ್ಭಕ್ಕೆ ಕನಿಷ್ಠ ಇಷ್ಟು ವಾರ ತುಂಬಿರಬೇಕು ಎಂಬ ಮಿತಿ ಅಲ್ಲಿಯೂ ಮೊದಲು 28 ವಾರಗಳೇ ಇತ್ತು, 1992ರಲ್ಲಿ ಅದನ್ನು 24ಕ್ಕೆ ಇಳಿಸಲಾಯಿತು. ನಮ್ಮ ನಿಯಮದಲ್ಲಿ ಇನ್ನೂ 28 ವಾರಗಳೇ ಇರುವುದರಿಂದ, ಅವಳ ಹೆರಿಗೆ ಇಲ್ಲಾಗಿದ್ದರೆ ನಮೂನೆ 3 ಕೂಡ ಸಿಗುತ್ತಿರಲಿಲ್ಲ. ಜಪಾನಿನಲ್ಲಂತೂ 12 ವಾರಗಳಿಂದಲೇ, ಏಳು ದಿನಗಳೊಳಗೆ ವರದಿ ಮಾಡುವುದು ಕಡ್ಡಾಯ. ಆದರೆ ಅಲ್ಲಿನ ಕುಟುಂಬ ದಾಖಲೆಯಲ್ಲಿ ಅಂಥ ಮಗು ಸೇರುವುದಿಲ್ಲ. ಲೆಕ್ಕಕ್ಕೆ ಹಿಡಿಯುವುದು ಬೇರೆ, ಹೆಸರು ಹಿಡಿದು ಬರೆದಿಡುವುದು ಬೇರೆ. ನಮ್ಮ ನಮೂನೆ ಮೊದಲನೆಯದಕ್ಕಾಗಿ ಮಾಡಿದ್ದು ಎಂಬುದು ಓದಿದರೆ ಗೊತ್ತಾಗುತ್ತದೆ. ಆರೋಗ್ಯ ಇಲಾಖೆಗೆ ಅಂಕಿ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಸಾಲು ಹೆಚ್ಚಿಗೆ ಇದ್ದರೆ ಯಾವ ಅಂಕಿಯೂ ಕೆಡುವುದಿಲ್ಲ ಎಂಬುದಷ್ಟೇ ನನ್ನ ವಾದ.

ಈ ಕೊರತೆಗೆ ಪಟ್ಟಣದ ಕಚೇರಿಯನ್ನು ಹೊಣೆ ಮಾಡುವಂತಿಲ್ಲ. ಆದರೆ ಹೊಸ ಹುಟ್ಟಿನವರಿಗೂ ನಮ್ಮಂಥವರಿಗೂ ಒಂದೇ ಕಿಟಕಿ, ಒಂದೇ ಸರದಿ ಇರುವುದನ್ನು ಅವರು ಬದಲಿಸಬಹುದು. ನಮ್ಮ ಮುಂದಿನವರು ಗಂಡು ಹುಟ್ಟಿದ ಖುಷಿಗೆ ಪೇಢೆ ಹಂಚುತ್ತಿದ್ದರು. ತಂಗಿಯ ಗಂಡನಿಗೂ ಒಂದು ಚಾಚಿದರು, ಅವನು ಬೇಡವೆನ್ನಲಾಗದೆ ಕೈಯಲ್ಲೇ ಹಿಡಿದು ನಿಂತ. ನಮ್ಮ ಕಾಗದ ಓದಿದ ಗುಮಾಸ್ತರು ಮೇಜಿನ ಮೇಲಿದ್ದ ಪೇಢೆಯ ಡಬ್ಬಿಯನ್ನು ಮಾತಿಲ್ಲದೆ ಡ್ರಾಯರಿನಲ್ಲಿಟ್ಟು, ಕೂರಲು ಕುರ್ಚಿ ಎಳೆದುಕೊಟ್ಟರು. ಐದರಲ್ಲಿ ನಾನು ಕೊಡುವ ಮೂರು ಅಂಕಗಳಲ್ಲಿ ಒಂದು ಆ ಕುರ್ಚಿಗೆ.