ವಿಜಯಪುರದ ಮುಳ್ಳಿಗೆ ಗೇಟರ್‌ಸ್ಕಿನ್ ತಡೆದೀತೆ?

ವಿಜಯಪುರದ ಸುತ್ತಲಿನ ರಸ್ತೆಗೆ ರೋಡ್ ಸೈಕಲ್‌ಗೆ ಯಾವ ಟೈರ್ ಹಾಕಿಸಬೇಕು ಎಂದು ಕೇಳಿದರೆ ಉತ್ತರ ಸಣ್ಣದು. ದಿನದ ಸವಾರಿಗೆ ಕಾಂಟಿನೆಂಟಲ್ ಗೇಟರ್‌ಸ್ಕಿನ್. ಸೈಕಲ್‌ನಲ್ಲಿ ಜಾಗ ಇದ್ದರೆ 28 ಎಂಎಂ ಅಗಲದ್ದು, ಇಲ್ಲದಿದ್ದರೆ 25. ಅದೇ ಕಂಪನಿಯ ಗ್ರ್ಯಾಂಡ್ ಪ್ರಿ 5000 ರೇಸಿನ ದಿನಕ್ಕೆ ಮಾತ್ರ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಗೇಟರ್‌ಸ್ಕಿನ್ ಹಾಕಿಸಿದ ಮೇಲೂ ಪಂಚರ್ ಆಗುತ್ತದೆ. ಮೊದಲನೇ ಪಂಚರ್ ರಸ್ತೆಯದ್ದು. ಅದಾದ ಐದು ಕಿಲೋಮೀಟರಿಗೆ ಅದೇ ಗಾಲಿ ಮತ್ತೆ ಕೂತರೆ ಅದು ಬಹುಪಾಲು ಪಂಚರ್ ತೆಗೆದ ಕೈಯದ್ದು.

ಇಲ್ಲಿನ ರಸ್ತೆಯಲ್ಲಿ ಏನೇನು ಬಿದ್ದಿರುತ್ತದೆ ಎನ್ನುವುದರ ಮೇಲೆ ಟೈರ್ ಆರಿಸಬೇಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ನೆಗ್ಗಿಲ ಮುಳ್ಳು. ಮಳೆಗಾಲದಲ್ಲಿ ರಸ್ತೆ ಬದಿಯ ಗರಸಿನ ಮೇಲೆ ಹಳದಿ ಹೂ ಬಿಟ್ಟುಕೊಂಡು ಹಬ್ಬುತ್ತದೆ, ಒಣಗಿದ ಮೇಲೆ ಅದರ ಕಾಯಿ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮೊನೆ ಮೇಲೆ ನೋಡುವಂತೆ ಅದರ ರಚನೆ. ಮೊನೆಯ ಉದ್ದ ಅರ್ಧ ಸೆಂಟಿಮೀಟರ್ ಆಸುಪಾಸು. ರೋಡ್ ಟೈರ್‌ನ ನಡುಭಾಗದ ದಪ್ಪ ಅದಕ್ಕಿಂತ ಕಡಿಮೆ. ಎರಡನೆಯದು ಜಾಲಿ. ಹೊಲದ ಬೇಲಿಗೆಂದು ಕಂಟಿ ಎಳೆದುಕೊಂಡು ಹೋದಾಗ, ರಸ್ತೆಗೆ ಬಾಗಿದ ಬಳ್ಳಾರಿ ಜಾಲಿ ಕಡಿದಾಗ, ಮುಳ್ಳು ಡಾಂಬರಿನ ಅಂಚಿಗೆ ಉದುರುತ್ತದೆ. ಆಮೇಲೆ ತೊಗರಿ ರಾಶಿ ರಸ್ತೆ ಮೇಲೆ ಮಾಡಿದಾಗ ಉಳಿಯುವ ಕಟ್ಟಿಗೆಯ ಚೂಪು ತುಂಡುಗಳು. ಟಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳ ಹತ್ತಿರ ಚಪ್ಪರದ ತಂತಿ ಚೂರು. ಸೊಲ್ಲಾಪುರದಿಂದ ವಿಜಯಪುರ, ಕೊಲ್ಹಾರ ದಾಟಿ ಹುಬ್ಬಳ್ಳಿಗೆ ಹೋಗುವ 52ನೇ ಹೆದ್ದಾರಿಯಲ್ಲಿ ಕಾಟ ಬೇರೆ. ಲಾರಿ ಟೈರ್ ಸಿಡಿದಾಗ ಅದರೊಳಗಿನ ಉಕ್ಕಿನ ಎಳೆ ಕೂದಲಷ್ಟು ಸಣ್ಣಗೆ ಒಡೆದು ಬಿದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಟೈರ್‌ಗೆ ಮಾತ್ರ ಗೊತ್ತಾಗುತ್ತದೆ.

ಇವುಗಳ ಮುಂದೆ ಗೇಟರ್‌ಸ್ಕಿನ್ ಏನು ಮಾಡುತ್ತದೆ? ನೆಲ ಮುಟ್ಟುವ ರಬ್ಬರಿನ ಕೆಳಗೆ ಪಾಲಿಎಕ್ಸ್ ಎಂಬ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಪಟ್ಟಿ ಇದೆ. ಎರಡೂ ಪಕ್ಕದ ಗೋಡೆಯನ್ನು ಡ್ಯುರಾಸ್ಕಿನ್ ಎಂಬ ಪಾಲಿಅಮೈಡ್ ಬಲೆ ಮುಚ್ಚಿಕೊಂಡಿದೆ. ಪಕ್ಕದಲ್ಲಿ ಕಾಣುವ ಕಂದು ಬಣ್ಣದ ಚೌಕಳಿ ಅದೇ. ಗಾಜಿನ ಚೂರು, ಮೊಂಡು ಕಲ್ಲು, ಸಣ್ಣ ತಂತಿ ಇಂಥವು ಪಟ್ಟಿಯಲ್ಲೇ ನಿಲ್ಲುತ್ತವೆ. ಮುಳ್ಳಿನ ಲೆಕ್ಕ ಬೇರೆ. ಅದು ಎಳೆಯನ್ನು ಕತ್ತರಿಸುವುದಿಲ್ಲ, ಎಳೆ ಎಳೆಗಳ ನಡುವೆ ದಾರಿ ಮಾಡಿಕೊಂಡು ತೂರುತ್ತದೆ. ನೇಯ್ಗೆ ಒತ್ತಾಗಿದ್ದಷ್ಟೂ ತೂರುವುದು ಕಷ್ಟ. ಹಾಗಾಗಿ ನೆಗ್ಗಿಲ ಮುಳ್ಳಿಗೆ ಗೇಟರ್‌ಸ್ಕಿನ್ ಹಲವು ಸಲ ತಡೆಯುತ್ತದೆ, ಪ್ರತಿ ಸಲ ಅಲ್ಲ. ಎರಡು ಇಂಚಿನ ಜಾಲಿ ಮುಳ್ಳು ನೆಟ್ಟಗೆ ನಿಂತಿದ್ದರೆ ಯಾವ ರೋಡ್ ಟೈರೂ ತಡೆಯುವುದಿಲ್ಲ. ಹಾಗೆಂದು ಯಾರಾದರೂ ಮಾರಿದರೆ ನಂಬಬೇಡಿ.

ಇದರ ನಿಜವಾದ ಬಲ ಪಕ್ಕದ ಗೋಡೆಯಲ್ಲಿದೆ. ಹಳ್ಳಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು ಎದುರಿಗೆ ಬಂದರೆ ಸೈಕಲ್ ಗರಸಿಗೆ ಇಳಿಯಲೇಬೇಕು. ಅಲ್ಲಿಂದ ಮತ್ತೆ ಡಾಂಬರಿಗೆ ಹತ್ತುವಾಗ ಒಡೆದ ಅಂಚು, ಖಡಿಯ ಕೋನ ಟೈರ್‌ನ ಪಕ್ಕಕ್ಕೆ ಉಜ್ಜುತ್ತದೆ. ತೆಳು ಗೋಡೆಯ ರೇಸ್ ಟೈರ್ ಅಲ್ಲೇ ಸೀಳುತ್ತದೆ. ಟ್ಯೂಬ್ ತೂತಾದರೆ ಪ್ಯಾಚ್ ಹಾಕಬಹುದು, ಗೋಡೆ ಸೀಳಿದರೆ ಟೈರ್ ಹೋದಂತೆಯೇ.

ದೋಷಗಳೂ ಇವೆ. ಗೇಟರ್‌ಸ್ಕಿನ್‌ನ ರಬ್ಬರ್ ಗಟ್ಟಿ. ಬಾಳಿಕೆ ಬರುವುದೂ ಅದರಿಂದಲೇ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುವುದೂ ಅದರಿಂದಲೇ. ಮೊದಲ ಮಳೆ ಬಿದ್ದ ದಿನ, ಡಾಂಬರಿನ ಮೇಲಿನ ಎಣ್ಣೆ ಮತ್ತು ಎರೆ ಮಣ್ಣು ಸೇರಿ ಲೇಪವಾದಾಗ, ತಿರುವಿನಲ್ಲಿ ಸೈಕಲ್ ಬಾಗಿಸಿದರೆ ನೆಲ ಮುಟ್ಟುತ್ತೀರಿ. ಓಟವೂ ಸ್ವಲ್ಪ ಜಡ. ಗ್ರ್ಯಾಂಡ್ ಪ್ರಿ 5000ರ ಕವಚ 3/330, ಅಂದರೆ ಇಂಚಿಗೆ 110 ಎಳೆಯ ನೇಯ್ಗೆ ಮೂರು ಪದರ. ಗೇಟರ್‌ಸ್ಕಿನ್‌ನದ್ದು 3/180, ಇಂಚಿಗೆ 60 ಎಳೆಯ ಮೂರು ಪದರ. ದಪ್ಪ ಎಳೆ ಬೇಗ ಬಾಗುವುದಿಲ್ಲ, ಅದಕ್ಕೇ ಕಾಲಿಗೆ ಭಾರ ಅನ್ನಿಸುತ್ತದೆ. ತೂಕದಲ್ಲಿ ಮಾತ್ರ ಅಂಥ ದೊಡ್ಡ ಅಂತರ ಇಲ್ಲ. ಮಡಚುವ 25 ಎಂಎಂ ಟೈರ್‌ಗಳಲ್ಲಿ ಗ್ರ್ಯಾಂಡ್ ಪ್ರಿ ಸುಮಾರು 220 ಗ್ರಾಂ, ಗೇಟರ್‌ಸ್ಕಿನ್ ಸುಮಾರು 250.

ಗ್ರ್ಯಾಂಡ್ ಪ್ರಿ 5000ರ ನಡುಭಾಗದಲ್ಲಿ ವೆಕ್ಟ್ರಾನ್ ಎಂಬ ಗಟ್ಟಿ ಕೃತಕ ನೂಲಿನ ಪಟ್ಟಿ ಇದೆ. ಮುಳ್ಳಿಗೆ ಅದು ಅಂಥ ಕಳಪೆ ಏನಲ್ಲ, ಬರಿಗೋಡೆಯೇ ಅದರ ತೊಂದರೆ. ಹಣ ಇದ್ದವರಿಗೆ ಗ್ರ್ಯಾಂಡ್ ಪ್ರಿ 4-ಸೀಸನ್ ಇದೆ. ಎರಡು ಪದರ ವೆಕ್ಟ್ರಾನ್, ಪಕ್ಕಕ್ಕೆ ಡ್ಯುರಾಸ್ಕಿನ್, ಮಳೆಯಲ್ಲಿ ಒಳ್ಳೆಯ ಹಿಡಿತ. ಆದರೆ ರಬ್ಬರ್ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನೊಳಗೆ 5 ಎಂಎಂ ರಬ್ಬರಿನ ಪದರವೇ ಇದೆ, ನೆಗ್ಗಿಲು ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಒಂದೊಂದು ಟೈರ್ ಅರ್ಧ ಕಿಲೋ ಮೀರುತ್ತದೆ. ಕಾಲೇಜಿಗೆ, ಕಚೇರಿಗೆ ಹೋಗುವವರಿಗೆ ಸರಿ, ತರಬೇತಿಯ ಹುಡುಗರು ಒಂದು ವಾರದಲ್ಲಿ ಬಿಚ್ಚಿಡುತ್ತಾರೆ. ಟೈರ್ ಮತ್ತು ಟ್ಯೂಬ್ ನಡುವೆ ಪ್ಲಾಸ್ಟಿಕ್ ಪಟ್ಟಿ ಹಾಕುವ ಪದ್ಧತಿ ರೋಡ್ ಸೈಕಲ್‌ಗೆ ಬೇಡ. ಪಟ್ಟಿಯ ಕೊನೆ ಒಂದರ ಮೇಲೊಂದು ಬರುವ ಕಡೆ ಅದರ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ.

ಕೊಳ್ಳುವಾಗ ಆಗುವ ದೊಡ್ಡ ಎಡವಟ್ಟು ಅಳತೆಯದ್ದು. ರೋಡ್ ಸೈಕಲ್‌ನ 700ಸಿ ರಿಮ್‌ನಲ್ಲಿ ಟೈರ್ ಕೂರುವ ವ್ಯಾಸ 622 ಎಂಎಂ. ಊರಿನ ದೊಡ್ಡ ಕರಿ ಸೈಕಲ್‌ನ 28×1½ ಟೈರ್‌ನದ್ದು 635. ಅಂಗಡಿಯವರು ‘ಅಠ್ಠಾವೀಸ್ ಇಂಚಿಂದು, ಎರಡೂ ಒಂದೇ’ ಎಂದು ಕೊಟ್ಟರೆ ತರಬೇಡಿ. ಹಾಕುವಾಗ ಆರಾಮಾಗಿ ಹೋಗುತ್ತದೆ, ಹವಾ ತುಂಬಿದ ಮೇಲೆ ರಿಮ್ ಬಿಟ್ಟು ಜಿಗಿಯುತ್ತದೆ. ಟೈರ್ ಗೋಡೆಯ ಮೇಲೆ 25-622 ಅಥವಾ 28-622 ಎಂಬ ಅಂಕಿ ಓದಿಯೇ ದುಡ್ಡು ಕೊಡಿ. ಹವಾ ತುಂಬುವ ವಾಲ್‌ನಲ್ಲೂ ಇದೇ ಕಥೆ. ರೋಡ್ ರಿಮ್‌ನ ತೂತು ಪ್ರೆಸ್ಟಾ ಎಂಬ ಸಪೂರ ವಾಲ್‌ಗೆಂದು 6.5 ಎಂಎಂ ಇರುತ್ತದೆ. ಮೋಟರ್‌ಸೈಕಲ್ ತರದ ವಾಲ್‌ಗೆ 8.5 ಬೇಕು. ಅರ್ಜೆಂಟಿಗೆಂದು ರಿಮ್‌ಗೆ ಡ್ರಿಲ್ ಹಿಡಿಯಲು ಬಿಡಬೇಡಿ.

28 ಕೂರುತ್ತದೋ ಇಲ್ಲವೋ ಎಂದು ನೋಡುವಾಗ ಫೋರ್ಕ್ ಮತ್ತು ಬ್ರೇಕಿನ ಕೆಳಗೆ 4 ಎಂಎಂ ಆದರೂ ಸಂದು ಉಳಿಯಬೇಕು. ಬೇರೆ ಊರಿನವರು ಇದಕ್ಕಿಂತ ಕಡಿಮೆಯಲ್ಲೂ ನಡೆಸುತ್ತಾರೆ. ಎರಿ ಹೊಲದ ಪಕ್ಕ ಮಳೆಗಾಲದಲ್ಲಿ ಒಂದು ಫರ್ಲಾಂಗು ಹೋದರೆ ಸಾಕು, ಮಣ್ಣು ಟೈರ್‌ಗೆ ಅಂಟಿ, ಬ್ರೇಕಿನೊಳಗೆ ಗಿಡಿದು ಗಾಲಿಯೇ ನಿಲ್ಲುತ್ತದೆ.

ಹವಾ ಎಷ್ಟು? 70 ಕಿಲೋ ತೂಗುವ ಸವಾರನಿಗೆ 25 ಎಂಎಂ ಆದರೆ ಮುಂದೆ 80, ಹಿಂದೆ 88 ಪಿಎಸ್‌ಐ. 28 ಆದರೆ ಮುಂದೆ 66, ಹಿಂದೆ 74ರ ಆಸುಪಾಸು. ಗೋಡೆಯ ಮೇಲೆ ಅಚ್ಚಾದ ಗರಿಷ್ಠ ಅಂಕಿ ದಾಟಬಾರದ ಗೆರೆ. ಅಲ್ಲಿತನಕ ತುಂಬಲೇಬೇಕು ಎಂದು ಅದರ ಅರ್ಥವಲ್ಲ. ಕಲ್ಲಿನಂತೆ ಗಟ್ಟಿಯಾದ ಟೈರ್ ಚೂಪು ವಸ್ತುವಿನ ಮೇಲೆ ಬಾಗದೆ ಅದನ್ನು ಒಳಗೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೆ ಗುಂಡಿಯ ಅಂಚಿಗೆ ರಿಮ್ ಬಡಿದು ಟ್ಯೂಬ್ ನಡುವೆ ಸಿಕ್ಕಿಬೀಳುತ್ತದೆ. ಮಾಮೂಲಿ ಕಪ್ಪು ರಬ್ಬರಿನ ಬ್ಯುಟೈಲ್ ಟ್ಯೂಬ್ ತಾನಾಗಿಯೇ ದಿನಕ್ಕೆ ಒಂದೆರಡು ಪಿಎಸ್‌ಐ ಬಿಡುತ್ತದೆ. ವಾರಕ್ಕೊಮ್ಮೆ ನೋಡಿದರೆ ಸಾಲದು. ಬೇಸಿಗೆಯಲ್ಲಿ ಹವಾ ಕಾದು ಟೈರ್ ಸಿಡಿಯುತ್ತದೆ ಎಂಬ ಭಯ ಮಾತ್ರ ಉತ್ಪ್ರೇಕ್ಷೆ. ಬೆಳಗ್ಗೆ 25 ಡಿಗ್ರಿಯಲ್ಲಿ 90 ತುಂಬಿದ್ದು ಒಳಗಿನ ಹವಾ 45 ಡಿಗ್ರಿಗೆ ಕಾದಾಗ 97ಕ್ಕೆ ಏರುತ್ತದೆ, ಅಷ್ಟೇ. ಪಂಚರ್ ಅಂಗಡಿಯ ಕಂಪ್ರೆಸರ್ ಬಗ್ಗೆ ಹುಷಾರಾಗಿರಿ. ಈ ಟೈರ್‌ನೊಳಗೆ ಜಾಗ ಕಡಿಮೆ, ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ದಾಟುತ್ತದೆ. ಪ್ರೆಸ್ಟಾಗೆ ಹಾಕುವ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ, ಹವಾ ಚೂರು ಚೂರೇ ಬಿಡಿಸಿ.

ಇನ್ನು ಪಂಚರ್ ತೆಗೆಯುವುದು. ಟೈರ್ ಹಾಕುವಾಗಲೇ ಅದರ ಹೆಸರಿನ ಅಚ್ಚು ವಾಲ್‌ಗೆ ನೇರ ಬರುವಂತೆ ಕೂರಿಸಿ. ಚಂದಕ್ಕಲ್ಲ. ಟ್ಯೂಬ್‌ನಲ್ಲಿ ತೂತು ವಾಲ್‌ನಿಂದ ಒಂದು ಗೇಣು ದೂರ ಇದ್ದರೆ, ಟೈರ್‌ನಲ್ಲಿ ಹೆಸರಿನಿಂದ ಅದೇ ಗೇಣು ದೂರಕ್ಕೆ ಮುಳ್ಳು ಇರುತ್ತದೆ. ಟ್ಯೂಬ್ ಯಾವ ಮುಖವಾಗಿತ್ತು ಎಂದು ಮರೆತಿದ್ದರೆ ಎರಡೂ ಕಡೆ ಗೇಣು ಹಾಕಿ ನೋಡಿ. ಮುಳ್ಳು ಹುಡುಕುವುದೇ ಇಡೀ ಕೆಲಸದ ತಿರುಳು. ಹೊರಗಿನ ಭಾಗ ರಸ್ತೆಯಲ್ಲೇ ಮುರಿದು ಹೋಗಿರುತ್ತದೆ, ತುದಿ ಮಾತ್ರ ಟೈರ್‌ನೊಳಗೆ ಕೂತಿರುತ್ತದೆ. ಹೊರಗಿಂದ ಕಪ್ಪು ರಬ್ಬರಿನಲ್ಲಿ ಒಂದು ಚುಕ್ಕೆ, ಒಳಗಿಂದ ಕಾಲು ಮಿಲಿಮೀಟರ್ ಮೊನೆ. ಟೈರ್ ಬಗ್ಗದೆ ಇದ್ದಾಗ ಆ ಮೊನೆ ಬೆರಳಿಗೆ ಸಿಗುವುದೇ ಕಷ್ಟ, ಭಾರ ಬಿದ್ದಾಗ ಮಾತ್ರ ಚುಚ್ಚುತ್ತದೆ. ಅದಕ್ಕೆ ಬೆರಳಾಡಿಸಿ ‘ಏನೂ ಇಲ್ಲ’ ಎನ್ನುವವರಿಗೆ ಎರಡನೇ ಪಂಚರ್ ಗ್ಯಾರಂಟಿ. ಒಂದು ಚಿಟಿಕೆ ಅರಳೆ ತೆಗೆದುಕೊಂಡು ಟೈರ್‌ನ ಒಳಮೈ ಮೇಲೆ ಮೊದಲು ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ ನಿಧಾನವಾಗಿ ಎಳೆಯಿರಿ. ಮೊನೆ ಇದ್ದಲ್ಲಿ ಅರಳೆಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಆ ಜಾಗವನ್ನು ಎರಡೂ ಹೆಬ್ಬೆರಳಿನಿಂದ ಒಳಮುಖವಾಗಿ ಬಾಗಿಸಿ, ಚಿಮಟಿಗೆಯಿಂದ ಕಿತ್ತು, ಮತ್ತೊಮ್ಮೆ ಅರಳೆ ಆಡಿಸಿ ನೋಡಿ. ಒಂದು ನೆಗ್ಗಿಲು ಸಿಕ್ಕಿದೆ ಎಂದರೆ ಇನ್ನೆರಡು ಇರಬಹುದು ಎಂದೇ ತಿಳಿಯಿರಿ, ಅವು ಒಂಟಿಯಾಗಿ ಬೀಳುವ ಜಾತಿಯಲ್ಲ.

ತೂತು ಎಲ್ಲಿದೆ ಎನ್ನುವುದರಲ್ಲೇ ಕಾರಣ ಇದೆ. ನೆಲದ ಕಡೆಗಿದ್ದರೆ ಮುಳ್ಳು, ತಂತಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಹವಾ ಕಡಿಮೆ ಇತ್ತು, ಗುಂಡಿಗೆ ಬಡಿದಿದೆ. ರಿಮ್ ಕಡೆಗಿದ್ದರೆ ರಿಮ್ ಟೇಪ್ ಸರಿದು ಸ್ಪೋಕ್ ತೂತಿನ ಅಂಚು ಕಡಿದಿದೆ. ಅಲ್ಲಿ ಟೈರ್ ಬದಲಿಸಿದರೆ ಏನೂ ಆಗದು, ಬಟ್ಟೆಯ ರಿಮ್ ಟೇಪ್ ಹಾಕಿಸಿ. ವಾಲ್‌ನ ಬುಡದಲ್ಲಿ ಹರಿದಿದ್ದರೆ ಪಂಪ್ ಹೊಡೆಯುವಾಗ ವಾಲ್ ಅಲುಗಾಡಿದೆ. ಅದಕ್ಕೆ ಪ್ಯಾಚ್ ನಿಲ್ಲದು, ಟ್ಯೂಬನ್ನೇ ಬಿಸಾಡಿ.

ಪ್ಯಾಚ್ ಕಿತ್ತುಬರುವುದಕ್ಕೆ ಅವಸರವೇ ಕಾರಣ. ಪ್ಯಾಚಿಗಿಂತ ಅಗಲವಾಗಿ, ಟ್ಯೂಬ್‌ನ ಹೊಳಪು ಹೋಗುವ ತನಕ ಸ್ಯಾಂಡ್‌ಪೇಪರ್ ಉಜ್ಜಿ. ಅಚ್ಚಿನ ಗೆರೆ ಉಬ್ಬಿದ್ದರೆ ಅದೂ ಸಮ ಆಗಬೇಕು, ಇಲ್ಲದಿದ್ದರೆ ಆ ಗೆರೆಗುಂಟ ಹವಾ ನುಸುಳುತ್ತದೆ. ಸೊಲ್ಯೂಷನ್ ತೆಳ್ಳಗೆ ಸವರಿ, ಬಾಯಿಂದ ಊದದೆ, ಮೂರ್ನಾಲ್ಕು ನಿಮಿಷ ಬಿಡಿ. ಹಸಿ ಹೊಳಪು ಹೋಗಿ ಮಂಕಾದ ಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ. ಹಸಿ ಇದ್ದಾಗಲೇ ಅಂಟಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಜಾರುತ್ತದೆ. ಸೊಲ್ಯೂಷನ್ ಇಲ್ಲದೆ ಅಂಟುವ ಸ್ಟಿಕ್ಕರ್ ಪ್ಯಾಚ್ ಮನೆ ಮುಟ್ಟುವಷ್ಟಕ್ಕೆ ಸಾಕು.

ಗೇಟರ್‌ಸ್ಕಿನ್ ವಾಪಸ್ ಹಾಕುವಾಗ ಕೊನೆಯ ಒಂದು ಗೇಣು ಹಠ ಮಾಡುತ್ತದೆ. ಟೈರ್ ಲಿವರ್ ತೂರಿಸಿದರೆ ಹೊಸ ಟ್ಯೂಬ್ ಅಲ್ಲೇ ತೂತು. ವಾಲ್‌ನ ಎದುರು ಬದಿಯಿಂದ ಶುರು ಮಾಡಿ ವಾಲ್ ಹತ್ತಿರ ಮುಗಿಸಿ. ಎರಡೂ ಅಂಚನ್ನು ರಿಮ್‌ನ ನಡುವಿನ ತಗ್ಗಿಗೆ ಒತ್ತುತ್ತಾ ಬಂದರೆ ಮೇಲೆ ಬೇಕಾದಷ್ಟು ಸಡಿಲು ಸಿಗುತ್ತದೆ. ಕಡೆಗೆ ವಾಲನ್ನು ಒಳಕ್ಕೆ ಒಂದು ಸಲ ದೂಕಿ ಬಿಡಿ, ಅದರ ಬುಡದಲ್ಲಿ ಸಿಕ್ಕ ಟ್ಯೂಬ್ ಮೇಲೆ ಏಳುತ್ತದೆ.

ಹಿಂದಿನ ಟೈರ್ ಬೇಗ ಸವೆದು ನಡುವೆ ಚಪ್ಪಟೆಯಾಗುತ್ತದೆ, ಪಂಚರ್ ಹೆಚ್ಚುವುದೂ ಆಗಲೇ. ಹೊಸ ಟೈರ್ ತಂದಾಗ ಅದನ್ನು ಮುಂದಕ್ಕೆ ಹಾಕಿ, ಮುಂದಿನದ್ದನ್ನು ಹಿಂದಕ್ಕೆ ಹಾಕಿ. ಮುಂದಿನ ಟೈರ್ ಜಾರಿದರೆ ಸೈಕಲ್ ಎತ್ತಿ ನಿಲ್ಲಿಸಲು ಆಗುವುದಿಲ್ಲ, ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು. ಕಿತ್ತ ಹಳೆಯದರ ಪಕ್ಕದ ಗೋಡೆಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ, ಎರಡು ಟ್ಯೂಬ್, ಲಿವರ್, ಕೈಪಂಪು, ಅರಳೆಯ ಜೊತೆ ಇಡಿ. ಟೈರ್ ಸೀಳಿದಾಗ ಒಳಗಿಂದ ಇಡಲು ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ. ಅದೂ ಇಲ್ಲದಾಗ ಖಾಲಿ ಟೂತ್‌ಪೇಸ್ಟ್ ಟ್ಯೂಬ್‌ನ ತುಂಡು ನಡೆಯುತ್ತದೆ. ಸೀಳಿಗೆ ಆಸರೆ ಇಟ್ಟ ಮೇಲೆ ಹವಾ 60ಕ್ಕೆ ನಿಲ್ಲಿಸಿ, ಗುಂಡಿ ತಪ್ಪಿಸುತ್ತಾ ಬನ್ನಿ.