ಗೀಸರ್, ಸೋಲಾರ್, ಹೀಟ್ ಪಂಪ್: ಒಂದೇ ಬೋರ್‌ವೆಲ್ ನೀರಿನಲ್ಲಿ ಮೂರನ್ನೂ ಬಳಸಿ ನೋಡಿದ ಲೆಕ್ಕ

ತುಮಕೂರಿನ ಮರಳೂರು ಕಡೆಯ ಬಡಾವಣೆಯೊಂದರಲ್ಲಿ ನಾವು ಮನೆ ಕಟ್ಟಿದ್ದು 2014ರಲ್ಲಿ. ಕೆಳಗಿನ ಮನೆಯಲ್ಲಿ ನಾವು ಐದು ಜನ, ಮೇಲಿನ ಮನೆಯಲ್ಲಿ ತಮ್ಮನ ಸಂಸಾರದ ನಾಲ್ವರು ಇದ್ದೇವೆ. ಈ ಹನ್ನೊಂದು ವರ್ಷಗಳಲ್ಲಿ ಇದೇ ಮನೆಯಲ್ಲಿ ಸ್ನಾನದ ನೀರು ಕಾಯಿಸಲು ವಿದ್ಯುತ್ ಗೀಸರ್, ಗಾಜಿನ ಕೊಳವೆಗಳ ಸೋಲಾರ್ ಮತ್ತು ಗಾಳಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಪಂಪ್ ಮೂರನ್ನೂ ಬಳಸಿದ್ದೇವೆ. ತಾಮ್ರದ ಹಾಳೆಯ ಫ್ಲಾಟ್ ಪ್ಲೇಟ್ ಸೋಲಾರ್ ಕ್ಯಾತ್ಸಂದ್ರದ ತಂಗಿಯ ಮನೆಯಲ್ಲಿದ್ದು, ಅಲ್ಲಿಯೂ ಎರಡು ವಾರ ತಾಪಮಾನ ಅಳೆದು ಬರೆದಿಟ್ಟುಕೊಂಡೆ. ನಮ್ಮ ಮನೆಯ ಲೆಕ್ಕಕ್ಕೆ ಒಂದು ಥರ್ಮಾಮೀಟರ್, ಗೀಸರ್ ಮತ್ತು ಹೀಟ್ ಪಂಪಿನ ತಂತಿಗೆ ಒಂದೊಂದು ಸಬ್‌ಮೀಟರ್, ಹದಿನೆಂಟು ಲೀಟರಿನ ಒಂದು ಬಕೆಟ್ ಸಾಕಾದವು.

ಮೊದಲು ಅಗತ್ಯವೆಷ್ಟು ಎಂಬುದನ್ನು ನೋಡಬೇಕು. ಒಬ್ಬರಿಗೆ ಒಂದೂವರೆ ಬಕೆಟ್, ಅಂದರೆ 27 ಲೀಟರ್ ಎಂದಿಟ್ಟುಕೊಂಡರೆ ಐವರಿಗೆ 135 ಲೀಟರ್ ನೀರು 42 ಡಿಗ್ರಿಯಲ್ಲಿ ಬೇಕು. ನಲ್ಲಿಯ ನೀರು 22 ಡಿಗ್ರಿ ಇದ್ದ ದಿನ ಅದನ್ನು ಅಷ್ಟು ಬಿಸಿ ಮಾಡಲು 3.1 ಯೂನಿಟ್‌ನಷ್ಟು ಶಾಖ ಬೇಕೇ ಬೇಕು. ಇದು ನೀರಿನ ಗುಣವೇ ಹೊರತು ಯಾವ ಕಂಪನಿಯ ಜಾಣ್ಮೆಯೂ ಇದನ್ನು ಕಡಿಮೆ ಮಾಡಲಾರದು. ಆ ಶಾಖವನ್ನು ಎಲ್ಲಿಂದ ತರುತ್ತೇವೆ, ದಾರಿಯಲ್ಲಿ ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

25 ಲೀಟರಿನ, ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ 3.7 ಯೂನಿಟ್ ತಿನ್ನುತ್ತಿತ್ತು. ಗೀಸರಿನ ಮೇಲಿನ ನಕ್ಷತ್ರಗಳ ಬಗ್ಗೆ ಅಂಗಡಿಯಲ್ಲಿ ಬಹಳ ಮಾತು ನಡೆಯುತ್ತದೆ. ಆದರೆ ಆ ನಕ್ಷತ್ರಗಳು ಹೇಳುವುದು ಬಿಸಿಯಾದ ನೀರು ಟ್ಯಾಂಕಿನಲ್ಲಿ ನಿಂತಾಗ ದಿನಕ್ಕೆ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು ಮಾತ್ರ. ಐದು ನಕ್ಷತ್ರದ ಗೀಸರ್ ತಂದರೆ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಮುಗಿದ ಕೂಡಲೇ ಆರಿಸುವ ಮನೆಯಲ್ಲಿ ಅದರಿಂದ ಆಗುವ ಉಳಿತಾಯ ತೀರಾ ಅಲ್ಪ.

ಗೀಸರಿನ ನಿಜವಾದ ಶತ್ರು ನಮ್ಮ ನೀರು. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 640 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 600. ನಾಲ್ಕನೆಯ ವರ್ಷ ಗೀಸರಿನ ಕಾಯಿಲನ್ನು ಬಿಚ್ಚಿಸಿದಾಗ ಅದರ ಸುತ್ತ ಹೆಬ್ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಪ್ಲಂಬರ್ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಹಳೆಯ ಗೋಡೆಯ ಗಾರೆಯಂತೆ ಚಕ್ಕೆಚಕ್ಕೆಯಾಗಿ ಉದುರಿತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಕರಗುವ ಒಳಗಿನ ಮೆಗ್ನೀಷಿಯಂ ಕಡ್ಡಿ ಪೂರ್ತಿ ಕರಗಿ, ಒಂದು ತಂತಿಯಷ್ಟೇ ಉಳಿದಿತ್ತು. ನೀರು ಹೆಚ್ಚು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಆದ್ದರಿಂದ ಥರ್ಮೋಸ್ಟಾಟನ್ನು 75ರಲ್ಲಿಟ್ಟು ತಣ್ಣೀರು ಬೆರೆಸಿಕೊಳ್ಳುವುದಕ್ಕಿಂತ 55ರಲ್ಲಿಡುವುದು ಒಳ್ಳೆಯದು. ಗೀಸರಿನ ಬಗ್ಗೆ ನಾನು ಕಲಿತ ಪ್ರಯೋಜನಕರ ಪಾಠ ಇದೊಂದೇ.

2017ರಲ್ಲಿ 200 ಲೀಟರಿನ ಕೊಳವೆ ಸೋಲಾರ್ ಹಾಕಿಸಿದೆವು. ಸ್ಟ್ಯಾಂಡು, ಪೈಪು, ಕೂಲಿ ಎಲ್ಲ ಸೇರಿ 32 ಸಾವಿರ ರೂಪಾಯಿ ಆಯಿತು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನವಿರುವ ಜಿಲ್ಲೆ ನಮ್ಮದು, ಬಿಸಿಲಿನ ವಿಷಯದಲ್ಲಿ ಅನುಮಾನವಿರಲಿಲ್ಲ. ಏಪ್ರಿಲ್‌ನ ನಿಚ್ಚಳ ದಿನ ಸಂಜೆ ನಾಲ್ಕಕ್ಕೆ ಟ್ಯಾಂಕಿನ ನೀರು 68 ಡಿಗ್ರಿ, ಮರುದಿನ ಬೆಳಗಿನ ಐದೂವರೆಗೆ 60. ಜನವರಿಯಲ್ಲಿ ಸಂಜೆ 56, ಬೆಳಗ್ಗೆ 49. ಜುಲೈನಲ್ಲಿ ಮೂರು ದಿನ ಜಿಟಿಜಿಟಿ ಮಳೆ ಹಿಡಿದಾಗ ಮಾತ್ರ 34 ದಾಟಲಿಲ್ಲ. ಸಾಮಾನ್ಯವಾಗಿ ಎಲ್ಲರೂ ಚಳಿಗಾಲಕ್ಕೆ ಹೆದರುತ್ತಾರೆ. ನಮ್ಮ ಅನುಭವದಲ್ಲಿ ಸೋಲಾರ್ ಕೈಕೊಟ್ಟಿದ್ದು ಚಳಿಯಲ್ಲಲ್ಲ, ಮೋಡದಲ್ಲಿ. ಕೊಳವೆಯ ಎರಡು ಗಾಜಿನ ಪದರಗಳ ನಡುವೆ ಗಾಳಿಯಿಲ್ಲದ ಕಾರಣ ಹೊರಗಿನ ಚಳಿ ಒಳಗಿನ ನೀರಿಗೆ ತಟ್ಟುವುದು ಕಡಿಮೆ, ಬಿಸಿಲಿದ್ದರೆ ಸಾಕು.

ಮೋಡದ ದಿನಕ್ಕೆಂದು ಮಾರಾಟಗಾರರು ಸೋಲಾರ್ ಟ್ಯಾಂಕಿನೊಳಗೇ ಎರಡು ಕಿಲೋವ್ಯಾಟ್ ಕಾಯಿಲ್ ಕೂರಿಸಿಕೊಟ್ಟಿದ್ದರು. ನನ್ನ ಮಟ್ಟಿಗೆ ಇದು ಈ ವ್ಯವಸ್ಥೆಯ ದೊಡ್ಡ ದಡ್ಡತನ. ಇಬ್ಬರ ಸ್ನಾನಕ್ಕೆ ನೀರು ಬೇಕಾದರೂ ಆ ಕಾಯಿಲ್ ಇನ್ನೂರು ಲೀಟರನ್ನೂ ಕಾಯಿಸುತ್ತದೆ. 34ರಿಂದ 50 ಡಿಗ್ರಿಗೆ ಏರಿಸಲು 3.7 ಯೂನಿಟ್, ಅಂದರೆ ಗೀಸರಿದ್ದಾಗಿನ ಇಡೀ ದಿನದ ಖರ್ಚು. ಒಮ್ಮೆ ರಾತ್ರಿ ಆರಿಸಲು ಮರೆತು ಬೆಳಗ್ಗೆ ಮೀಟರ್ ನೋಡಿದಾಗ ಒಂಬತ್ತು ಯೂನಿಟ್ ಹತ್ತಿರ ಹೋಗಿತ್ತು. ಆ ತಂತಿಯನ್ನೇ ಬಿಚ್ಚಿಸಿ, ಸೋಲಾರಿನಿಂದ ಬರುವ ನೀರು ಬಚ್ಚಲಿನ 15 ಲೀಟರ್ ಗೀಸರಿನ ಮೂಲಕ ಹಾದು ಬರುವಂತೆ ಜೋಡಿಸಿದೆವು. ನೀರು ಅರೆಬಿಸಿಯಾಗಿದ್ದರೆ ಬೇಕಾದಷ್ಟಕ್ಕೆ ಮಾತ್ರ ಗೀಸರ್ ಉಳಿದ ಶಾಖ ಸೇರಿಸುತ್ತದೆ. ಹೀಗೆ ಮಾಡಿದ ಮೇಲೆ ವರ್ಷದ ಸರಾಸರಿ ದಿನಕ್ಕೆ 0.6 ಯೂನಿಟ್‌ಗೆ ಇಳಿಯಿತು. ಯೂನಿಟ್ಟಿಗೆ ಎಲ್ಲ ಶುಲ್ಕ ಸೇರಿ ಆರು ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಆರೂವರೆ ಸಾವಿರಕ್ಕಿಂತ ಹೆಚ್ಚು ಉಳಿದು, ಹಾಕಿದ ದುಡ್ಡು ಐದು ವರ್ಷದೊಳಗೆ ಹಿಂದಿರುಗಿತು.

ಇನ್ನು ಆದ ಅನಾಹುತ. 2024ರ ಮಾರ್ಚ್‌ನಲ್ಲಿ, ಹಿಂದಿನ ವರ್ಷದ ಬರದಿಂದಾಗಿ ಬೋರ್‌ವೆಲ್ ಬತ್ತಿ, ಎರಡು ದಿನ ತಾರಸಿಯ ಟ್ಯಾಂಕುಗಳು ಒಣಗಿದ್ದವು. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಟ್ಯಾಂಕರ್ ಬಂತು. ನೀರು ಬಂದ ಸಂಭ್ರಮದಲ್ಲಿ ಸೋಲಾರಿನ ಕವಾಟ ಮುಚ್ಚುವುದು ನೆನಪಾಗಲಿಲ್ಲ. ಬರಿದಾಗಿ ಕಾದಿದ್ದ ಕೊಳವೆಗಳಿಗೆ ತಣ್ಣೀರು ಇಳಿದ ತಕ್ಷಣ ಮೂರು ಕೊಳವೆಗಳು ಒಂದರ ಹಿಂದೊಂದು ಸಿಡಿದವು. ಈ ಬಗೆಯ ಸೋಲಾರಿನಲ್ಲಿ ಒಂದು ಕೊಳವೆ ಒಡೆದರೂ ಇಡೀ ಟ್ಯಾಂಕಿನ ನೀರು ಅಲ್ಲಿಂದಲೇ ಸುರಿದುಹೋಗುತ್ತದೆ. ದುಡ್ಡು ಕೊಟ್ಟು ತರಿಸಿದ ನೀರು ತಾರಸಿಯ ಮೋರಿಯಲ್ಲಿ ಹರಿಯುವುದನ್ನು ನಿಂತು ನೋಡಿದೆವು. ಟ್ಯಾಂಕ್ ಬರಿದಾಗಿದ್ದರೆ ಸಂಜೆ ಹೊತ್ತು ಮುಳುಗಿದ ಮೇಲೆಯೇ ಸೋಲಾರಿಗೆ ನೀರು ಬಿಡಬೇಕು ಎಂಬುದನ್ನು ಹಾಕಿಕೊಟ್ಟವರು ಹೇಳಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಕೊಳವೆ ಬದಲಿಸಲು ಆರು ವಾರ ಹಿಡಿಯಿತು. ಅಷ್ಟು ದಿನ ಗೀಸರೇ ಗತಿಯಾದಾಗ ಗೃಹಜ್ಯೋತಿಯ ಒಂದು ವಿಚಿತ್ರವೂ ಅರ್ಥವಾಯಿತು. ಈ ಯೋಜನೆಯಲ್ಲಿ ಉಚಿತ ಸಿಗುವುದು 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು. ಅದು ಮೀರಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಸೋಲಾರಿನಿಂದ ಉಳಿಸಿದ್ದಕ್ಕೆ ನಮ್ಮ ಸರಾಸರಿ 118 ಇತ್ತು, ಹಾಗಾಗಿ ಉಚಿತದ ಮಿತಿ 130ರ ಆಸುಪಾಸು. ಆಗ ಗೀಸರನ್ನೇ ನಂಬಿದ್ದ ಪಕ್ಕದ ಮನೆಯವರಿಗೆ ಮಿತಿ ನಮಗಿಂತ ಹೆಚ್ಚು! ಆ ಏಪ್ರಿಲ್‌ನಲ್ಲಿ ಫ್ಯಾನಿನ ಜೊತೆಗೆ ಗೀಸರೂ ಸೇರಿ 211 ಯೂನಿಟ್ ಬಂದು, ಪೂರ್ತಿ ಬಿಲ್ಲು ಕಟ್ಟಿದೆವು. ಹೊಸದಾಗಿ ಲೆಕ್ಕ ಹಾಕುವವರು ಯೂನಿಟ್ ದರವನ್ನಷ್ಟೇ ಗುಣಿಸಿ ಕೂರದೆ, ತಮ್ಮ ಮನೆ ಈ 200ರ ಗೆರೆಯ ಯಾವ ಬದಿಯಲ್ಲಿದೆ ಎಂದೂ ನೋಡಿಕೊಳ್ಳಬೇಕು.

ತಂಗಿಯ ಮನೆಯ ಫ್ಲಾಟ್ ಪ್ಲೇಟ್ ಸೋಲಾರಿಗೆ ಸುಮಾರು ಇಮ್ಮಡಿ ಬೆಲೆ. ಗಟ್ಟಿ ಗಾಜು, ತಾಮ್ರದ ಕೊಳವೆಗಳು. ಬರಿದಾದರೂ ಒಡೆಯುವ ಭಯ ಬಹಳ ಕಡಿಮೆ. ಮೋಡದ ದಿನಗಳಲ್ಲಿ ನಮ್ಮದಕ್ಕಿಂತ ಎರಡು ಮೂರು ಡಿಗ್ರಿ ಹಿಂದೆ ಬಿದ್ದರೂ ಉಳಿದಂತೆ ಅಷ್ಟೇ ಬಿಸಿ. ಆದರೆ ಅವರಿಗೆ ಬರುವುದು ಬುಗುಡನಹಳ್ಳಿ ಕೆರೆಯ ಮೂಲಕ ಸರಬರಾಜಾಗುವ ಹೇಮಾವತಿಯ ಮೆದು ನೀರು. ನಮ್ಮಂಥ ಬೋರ್‌ವೆಲ್ ನೀರನ್ನು ನೇರವಾಗಿ ಆ ಸಣ್ಣ ತಾಮ್ರದ ಕೊಳವೆಗಳಿಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಒಳಗೆ ಸುಣ್ಣ ಕಟ್ಟಿ, ನೀರಿನ ಓಡಾಟವೇ ನಿಂತುಹೋಗುತ್ತದೆ. ಬಳಸುವ ನೀರು ಆ ಕೊಳವೆಗಳಿಗೆ ಹೋಗದೆ, ಅಲ್ಲಿ ಸುತ್ತುವ ಬೇರೆ ದ್ರವದಿಂದ ಶಾಖ ಪಡೆಯುವ ಹೀಟ್ ಎಕ್ಸ್‌ಚೇಂಜರ್ ಮಾದರಿಯಾದರೆ ಸರಿ, ಬೆಲೆ ಇನ್ನೂ ಏರುತ್ತದೆ. ಕೊಳವೆ ಸೋಲಾರಿನಲ್ಲೂ ಸುಣ್ಣ ಕಟ್ಟುತ್ತದೆ, ಆದರೆ ಬಾಯಿ ಅಗಲವಿರುವುದರಿಂದ ಕೊಳವೆಯನ್ನು ಕಿತ್ತು, ತಳದಲ್ಲಿ ಕೂತ ಚಕ್ಕೆಗಳನ್ನು ಕೊಡವಿ, ರಬ್ಬರಿಗೆ ಸೋಪಿನ ನೀರು ಸವರಿ ಮತ್ತೆ ತೂರಿಸಬಹುದು. ನಾವು ವರ್ಷಕ್ಕೊಮ್ಮೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಇದನ್ನು ಮಾಡಿಸುತ್ತೇವೆ. ಕೂಲಿ ಸಾವಿರದ ಇನ್ನೂರು.

ಹೀಟ್ ಪಂಪ್ ತಂದದ್ದು ತಮ್ಮ, 2024ರ ಕೊನೆಯಲ್ಲಿ. ಪಕ್ಕದ ಸೈಟಿನಲ್ಲಿ ಮೂರನೆಯ ಅಂತಸ್ತು ಎದ್ದು, ತಾರಸಿಯ ಉಳಿದ ಜಾಗದ ಮೇಲೆ ಬೆಳಗಿನ ಹನ್ನೊಂದರವರೆಗೆ ನೆರಳು ಬೀಳುತ್ತಿತ್ತು. ಅಲ್ಲಿ ಎರಡನೆಯ ಸೋಲಾರ್ ಇಟ್ಟು ಫಲವಿರಲಿಲ್ಲ. ಇದು ಫ್ರಿಜ್ಜಿನ ತತ್ತ್ವವನ್ನೇ ತಿರುಗಿಸಿ ಹಾಕಿದ ಯಂತ್ರ. ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ, ವಿದ್ಯುತ್ ಖರ್ಚಾಗುವುದು ಕಂಪ್ರೆಸರ್ ತಿರುಗಿಸಲು ಮಾತ್ರ. ಹಾಗಾಗಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಇಟ್ಟ ಮೊದಲ ದಿನ 200 ಲೀಟರನ್ನು 22ರಿಂದ 55ಕ್ಕೆ ಏರಿಸಲು 2.7 ಯೂನಿಟ್ ತೆಗೆದುಕೊಂಡಿತು, ಅದೇ ಕೆಲಸಕ್ಕೆ ಗೀಸರಿಗೆ 7.7 ಬೇಕು. ಆದರೆ ಮೂರು ಗಂಟೆ ಹಿಡಿಯಿತು. ಊರಿನಿಂದ ನೆಂಟರು ಬಂದಿಳಿದ ಕೂಡಲೇ ಹಾಕಿ ಸ್ನಾನಕ್ಕೆ ಕಳಿಸುವ ಯಂತ್ರ ಇದಲ್ಲ.

ವರ್ಷದ ಸರಾಸರಿ ತಮ್ಮನ ಮನೆಯಲ್ಲಿ ದಿನಕ್ಕೆ 1.3 ಯೂನಿಟ್ ಬಂದಿದೆ, ಮೊದಲು ಗೀಸರಿನಲ್ಲಿ ಮೂರು ಇತ್ತು. ತಿಂಗಳಿಗೆ ಐವತ್ತು ಯೂನಿಟ್ ಉಳಿತಾಯ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಯಂತ್ರಕ್ಕೆ ಕೊಟ್ಟದ್ದು 92 ಸಾವಿರ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ ಉಳಿಯುವುದು ನಾಲ್ಕು ಸಾವಿರದ ಮುನ್ನೂರರಷ್ಟು, ದುಡ್ಡು ಹಿಂದಿರುಗಲು ಇಪ್ಪತ್ತೊಂದು ವರ್ಷ ಬೇಕು. ಅಷ್ಟು ದಿನ ಯಂತ್ರ ಬಾಳುತ್ತದೆಂದು ನಾನು ನಂಬುವುದಿಲ್ಲ. ಮೊದಲ ಬೇಸಿಗೆಯಲ್ಲೇ, ಸಂಜೆಯ ಹೊತ್ತು ವೋಲ್ಟೇಜ್ 180ಕ್ಕೆ ಕುಸಿದು ಏರುತ್ತಿದ್ದ ದಿನಗಳಲ್ಲಿ, ಅದರ ಎಲೆಕ್ಟ್ರಾನಿಕ್ ಕಾರ್ಡ್ ಸುಟ್ಟಿತು. ರಿಪೇರಿಯವರು ಬೆಂಗಳೂರಿನಿಂದ ಬರಲು ಹನ್ನೊಂದು ದಿನವಾಯಿತು. ಎಪ್ಪತ್ತು ಕಿಲೋಮೀಟರ್ ದೂರಕ್ಕೆ ಹನ್ನೊಂದು ದಿನ! ಆಮೇಲೆ ಒಂದು ಸ್ಟೆಬಿಲೈಜರ್ ಸೇರಿಸಿದ್ದಾರೆ. ತಮ್ಮನ ಹೆಂಡತಿಗೆ ಮಾತ್ರ ಅದರ ಮೇಲೆ ದೂರಿಲ್ಲ. ಯುಟಿಲಿಟಿಯಲ್ಲಿ ಅದು ಹೊರಬಿಡುವ ತಣ್ಣನೆಯ ಒಣಗಾಳಿಗೆ ಮಳೆಗಾಲದಲ್ಲೂ ಬಟ್ಟೆ ಒಣಗುತ್ತದಂತೆ. ಹತ್ತಾರು ಜನರಿರುವ ಪಿಜಿ, ಚಿಕ್ಕ ಹಾಸ್ಟೆಲ್, ಬಿಸಿಲು ಬೀಳದ ಅಪಾರ್ಟ್‌ಮೆಂಟಿಗೆ ಇದು ಸರಿಯಾದ ಆಯ್ಕೆ. ನಾಲ್ಕು ಜನರ ಮನೆಗೆ ನಾನು ಹೇಳುವುದಿಲ್ಲ.

ಗ್ಯಾಸ್ ಗೀಸರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಗುಬ್ಬಿ ಹತ್ತಿರದ ನಮ್ಮ ಊರಿನ ಮನೆಯಲ್ಲಿ ತೆಂಗಿನ ಗರಿ, ಮಟ್ಟೆ ಉರಿಸುವ ಹಂಡೆ ಒಲೆ ಇನ್ನೂ ಇದೆ. ತೋಟ ಇದ್ದವರಿಗೆ ಅದಕ್ಕಿಂತ ಅಗ್ಗದ್ದಿಲ್ಲ. ಶಾಖದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆಂಬುದು ನಿಜವಾದರೂ ಅಮ್ಮನ ಪ್ರಕಾರ ಎಣ್ಣೆ ಸ್ನಾನಕ್ಕೆ ಹಂಡೆಯ ನೀರೇ ನೀರು.

ಸೋಲಾರಿನಲ್ಲಿ ನನ್ನನ್ನು ಕಡೆಯವರೆಗೂ ಕಾಡಿದ್ದು ಪೈಪು. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು ಇಪ್ಪತ್ತು ಮೀಟರ್ ಉದ್ದವಿತ್ತು. ಬಿಸಿನೀರು ಬರುವ ಮೊದಲು ಪ್ರತಿ ಸಲವೂ ಐದು ಲೀಟರಿಗೂ ಹೆಚ್ಚು ತಣ್ಣೀರು ಬಂದು, ಹಿಂದೆಯೇ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತಿತ್ತು. ಐವರು ಬೇರೆಬೇರೆ ಹೊತ್ತಿಗೆ ಸ್ನಾನ ಮಾಡಿದರೆ ಒಂದೂವರೆ ಬಕೆಟ್ ಬಿಸಿನೀರು ಹೀಗೆಯೇ ವ್ಯರ್ಥ. ಈ ವರ್ಷ ಆ ಬಚ್ಚಲಿಗೆ ಪ್ರತ್ಯೇಕವಾಗಿ ಅರ್ಧ ಇಂಚಿನ ಪೈಪು ಎಳೆಸಿ, ಮೇಲೆ ಕಪ್ಪು ಫೋಮಿನ ಹೊದಿಕೆ ಹಾಕಿಸಿದೆ. ಬಕೆಟ್ ತುಂಬುವುದು ಸ್ವಲ್ಪ ನಿಧಾನವಾದರೂ ಮೊದಲು ಬರುವ ತಣ್ಣೀರು ಎರಡೂವರೆ ಲೀಟರಿಗೆ ಇಳಿದಿದೆ. ಅದನ್ನೂ ಒಂದು ಚೊಂಬಿನಲ್ಲಿ ಹಿಡಿದು ಅಮ್ಮ ತುಳಸಿಗೆ ಹಾಕುತ್ತಾಳೆ.