ಕ್ಲೈಂಬಿಂಗ್ ಆನಿಯನ್ ಗಿಡ ಇಟ್ಟುಕೊಂಡವರೇ, ಅದು ಈರುಳ್ಳಿ ಅಲ್ಲ

ಮನೆಯಲ್ಲಿ ಕ್ಲೈಂಬಿಂಗ್ ಆನಿಯನ್ ಬೆಳೆಸುತ್ತಿರುವವರು, ಕೊಳ್ಳಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಅಕ್ಟೋಬರಿನಲ್ಲಿ ಈ ಗಿಡದಿಂದ ನನ್ನ ನಾದಿನಿಯ ಮಗ ಒಂದು ರಾತ್ರಿ, ಒಂದು ಹಗಲು ಆಸ್ಪತ್ರೆಯಲ್ಲಿ ಇರಬೇಕಾಯಿತು. ಈಗ ಹುಷಾರಾಗಿದ್ದಾನೆ. ಆದರೆ ಆ ರಾತ್ರಿ ಅವನ ಮಂಚದ ಪಕ್ಕ ಕೂತು ಮಾನಿಟರ್ ಮೇಲಿನ ಅಂಕಿ ನೋಡುತ್ತಿದ್ದೆನಲ್ಲ, ಅದು ಇನ್ನೂ ಕಣ್ಣ ಮುಂದೆ ಇದೆ.

ಗಿಡ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಸಿರು ಬಣ್ಣದ ದೊಡ್ಡ ಗಡ್ಡೆ. ನಮ್ಮ ಈರುಳ್ಳಿಯ ಹಾಗೇ ಪದರ ಪದರ. ಮುಕ್ಕಾಲು ಭಾಗ ಮಣ್ಣಿನ ಮೇಲೆಯೇ ಕೂತಿರುತ್ತದೆ. ಎಲೆ ಅಂತ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಬೆಳೆಯುವ ಕಾಲ ಬಂದಾಗ ಗಡ್ಡೆಯ ನೆತ್ತಿಯಿಂದ ಒಂದು ಎಳೆ ಬಳ್ಳಿ ಹೊರಟು, ಸಿಕ್ಕಿದ್ದನ್ನು ಸುತ್ತಿಕೊಂಡು ಎರಡು ಮೂರು ಮೀಟರ್ ಹತ್ತುತ್ತದೆ. ನೋಡಲು ಸಬ್ಬಸಿಗೆ ಸೊಪ್ಪನ್ನು ಎಳೆದು ಹಬ್ಬಿಸಿದ ಹಾಗೆ. ಇದರ ನಿಜವಾದ ಹೆಸರು ಬೋವಿಯಾ ವೊಲ್ಯುಬಿಲಿಸ್. ಲಂಡನ್ನಿನ ಕ್ಯೂ ತೋಟಕ್ಕಾಗಿ ದಕ್ಷಿಣ ಆಫ್ರಿಕಾದಲ್ಲಿ ಗಿಡ ಸಂಗ್ರಹಿಸಿದ ಜೇಮ್ಸ್ ಬೋವಿ ಎಂಬಾತನ ನೆನಪಿಗೆ 1867ರಲ್ಲಿ ಇಟ್ಟ ಹೆಸರು. ಈ ಹೆಸರು ನನಗೆ ಗೊತ್ತಾಗಿದ್ದು ಗಿಡ ಮನೆಗೆ ಬಂದು ಏಳು ತಿಂಗಳಾದ ಮೇಲೆ, ಅದೂ ಆಸ್ಪತ್ರೆಯ ಕಾರಿಡಾರಿನಲ್ಲಿ.

ಮಾರ್ಚಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡೆ. ಮೂರು ಸಾವಿರದ ಎಂಟುನೂರು ರೂಪಾಯಿ. ಮಾರಿದವರ ಹೆಸರು ಇಲ್ಲಿ ಬೇಡ. ಅವರ ಪುಟದಲ್ಲಿ ಇದ್ದದ್ದು ಇಷ್ಟೇ: ಕ್ಲೈಂಬಿಂಗ್ ಆನಿಯನ್, ಅಪರೂಪದ ಗಿಡ, ಮನೆಯೊಳಗೆ ಸುಲಭವಾಗಿ ಬೆಳೆಯುತ್ತದೆ, ಮೂರು ದಿನಕ್ಕೊಮ್ಮೆ ನೀರು ಕೊಡಿ. ವಿಷ ಅಂತ ಎಲ್ಲೂ ಇರಲಿಲ್ಲ. ಸಸ್ಯಶಾಸ್ತ್ರದ ಹೆಸರೂ ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಪೆಟ್ಟಿಗೆ ಬಿಚ್ಚಿದ ದಿನ ನಮ್ಮತ್ತೆ ಗಡ್ಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದು ನಮ್ಮ ಕಡೆ ಅಡವಿ ಈರುಳ್ಳಿ ತರಾನೇ ಇದೆಯಲ್ಲಮ್ಮ. ಅದನ್ನ ಕುರಿ ಕೂಡ ಮೂಸಲ್ಲ, ಕೈಗೆ ಹತ್ತಿದ್ರೆ ನವೆ” ಅಂದಿದ್ದರು. ಅವರು ಚಳ್ಳಕೆರೆ ಕಡೆಯವರು. ಅಲ್ಲಿನ ಬಯಲಲ್ಲಿ ಕಾಡೀರುಳ್ಳಿ ಅಂತ ಒಂದು ಗಡ್ಡೆ ಬೆಳೆಯುತ್ತದೆ. ಇದು ಆಫ್ರಿಕಾದ ಗಿಡ ಅತ್ತೆ, ಬೇರೆ ಅಂತ ನಾನು ಹೇಳಿಬಿಟ್ಟೆ. ಅವರು ಹೇಳಿದ್ದೇ ಸರಿ ಇತ್ತು. ಎರಡೂ ಹತ್ತಿರದ ನೆಂಟರು. ಎರಡರಲ್ಲೂ ಇರುವ ವಿಷ ಒಂದೇ ಜಾತಿಯದು.

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಿ ಚೆನ್ನಾಗಿ ಬಂತು. ತಂತಿಯ ಬಳೆಯೊಂದನ್ನು ಕುಂಡಕ್ಕೆ ಸಿಕ್ಕಿಸಿ ಹಬ್ಬಿಸಿದೆ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಕೇಳುತ್ತಿದ್ದರು. ತುಂಬಾ ಪ್ರೀತಿಯಿಂದ ನೋಡಿಕೊಂಡೆ. ಸೆಪ್ಟೆಂಬರ್ ಬಂದಾಗ ಬಳ್ಳಿ ತುದಿಯಿಂದ ಹಳದಿಯಾಗಿ ಒಣಗತೊಡಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ಜಾಸ್ತಿ ಹಾಕಿದೆ.

ಗಿಡದ ಮಟ್ಟಿಗೆ ನಾನು ಮಾಡಿದ ದೊಡ್ಡ ತಪ್ಪು ಇದೇ. ಬೋವಿಯಾ ವರ್ಷದಲ್ಲಿ ಕೆಲವು ತಿಂಗಳು ಮಲಗುತ್ತದೆ. ಬಳ್ಳಿ ಒಣಗುವುದು ಬಾಯಾರಿಕೆಯಿಂದ ಅಲ್ಲ, ನಿದ್ದೆ ಬಂದದ್ದರಿಂದ. ಆಗ ನೀರು ನಿಲ್ಲಿಸಬೇಕು. ಬೇರು ಕೆಲಸ ನಿಲ್ಲಿಸಿರುತ್ತದೆ, ಹಾಕಿದ ನೀರು ಮಣ್ಣಲ್ಲೇ ನಿಂತು ಗಡ್ಡೆಯ ಬುಡವನ್ನು ಕೊಳೆಸುತ್ತದೆ. ಮತ್ತೆ ನೆತ್ತಿಯಲ್ಲಿ ಹಸಿರು ಮೊಳಕೆ ಕಾಣುವವರೆಗೂ ಮುಟ್ಟಬಾರದು. ಎಲ್ಲ ಗಡ್ಡೆಗಳೂ ಒಂದೇ ತಿಂಗಳಲ್ಲಿ ಮಲಗುವುದಿಲ್ಲ, ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಬಳ್ಳಿ ನೋಡಿ. ನನ್ನದು ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿತ್ತು, ಪ್ಲಾಸ್ಟಿಕ್ ಕುಂಡ ಬೇರೆ. ಮೈಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ವಾರಗಟ್ಟಲೆ ಒಣಗಲೇ ಇಲ್ಲ.

ಅಕ್ಟೋಬರ್ ಮೊದಲ ವಾರ ಗಡ್ಡೆ ಮುಟ್ಟಿದರೆ ಅಲ್ಲಾಡಿತು. ಬುಡದಲ್ಲಿ ಕಂದು ನೀರು, ಕೆಟ್ಟ ವಾಸನೆ. ಕಿತ್ತು, ತೊಳೆದು, ಕೊಳೆತ ಪದರಗಳನ್ನು ಒಂದೊಂದಾಗಿ ತೆಗೆದೆ. ಕೆಲಸ ಮಾಡುವಾಗಲೇ ಬೆರಳ ಸಂದಿ ನವೆ ಬಂತು, ಆದರೂ ತಲೆಗೆ ಹೋಗಲಿಲ್ಲ. ಒಳಗೆ ಗಡ್ಡೆ ಎರಡಾಗಿ ಒಡೆದಿತ್ತು. ಪುಣ್ಯಕ್ಕೆ ಎರಡೂ ಗಟ್ಟಿಯಾಗಿದ್ದವು. ಸಿಪ್ಪೆ ಸುಲಿದ, ತಿಳಿ ಹಸಿರಿನ, ಮುಷ್ಟಿ ಗಾತ್ರದ ಎರಡು ಗಡ್ಡೆ. ಗಾಯ ಒಣಗುವವರೆಗೂ ನೆರಳಲ್ಲಿ, ಗಾಳಿಯಲ್ಲಿ ಇಡಬೇಕು ಅಂತ ಓದಿದ್ದೆ. ಬಾಲ್ಕನಿಯಲ್ಲಿ ಎರಚಲು. ಅಡುಗೆಮನೆ ಕಿಟಕಿಯ ಹತ್ತಿರ ಗಾಳಿ ಚೆನ್ನಾಗಿ ಬರುತ್ತದೆ. ಒಂದು ಮೊರದಲ್ಲಿ ಹಾಕಿ ಕಟ್ಟೆಯ ಮೇಲೆ ಇಟ್ಟೆ. ಪಕ್ಕದಲ್ಲೇ ಈರುಳ್ಳಿ ಬುಟ್ಟಿ.

ಅವತ್ತು ಶನಿವಾರ. ನಾದಿನಿಯ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಾನೆ, ವಾರದ ಕೊನೆಗೆ ಹಾಸ್ಟೆಲ್‌ನಿಂದ ನಮ್ಮ ಮನೆಗೆ ಬರುತ್ತಾನೆ. ಸಂಜೆ ಮಳೆ. ಚುರುಮುರಿ ಮಾಡ್ತೀನಿ ಅತ್ತೆ, ನೀವು ಕೂತ್ಕೊಳ್ಳಿ ಅಂದ. ಕಡ್ಲೆಪುರಿ, ಕ್ಯಾರೆಟ್ ತುರಿ, ಟೊಮೆಟೊ, ಕೊತ್ತಂಬರಿ ಎಲ್ಲ ಕಲಸಿದ. ಮೊರದಲ್ಲಿ ಸುಲಿದ ಈರುಳ್ಳಿ ಇದೆ ಅಂತ ಒಂದನ್ನು ತೆಗೆದು ಹೆಚ್ಚಿದ. ಕಲಸಿದವನೇ ಎರಡು ಹಿಡಿ ಬಾಯಿಗೆ ಹಾಕಿಕೊಂಡ. ಆಮೇಲೆ ಅಲ್ಲಿಂದಲೇ ಕೂಗಿದ, “ಅತ್ತೆ, ಈ ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರೇ ಬರಲ್ಲ. ಹಾಗಲಕಾಯಿಗಿಂತ ಕಹಿ ಇದೆ.”

ನಾನು ಓಡಿ ಬಂದು ನೋಡಿದಾಗ ಮೊರದಲ್ಲಿ ಒಂದೇ ಗಡ್ಡೆ ಇತ್ತು. ಉಗುಳು ಅಂದೆ. ಅಷ್ಟರಲ್ಲಿ ನುಂಗಿದ್ದ. ನನ್ನ ಮಗಳು ಒಂಬತ್ತು ವರ್ಷದವಳು, ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಇನ್ನೂ ಹಾಕಿರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಮುಕ್ಕಾಲು ಗಂಟೆಯಲ್ಲಿ ವಾಂತಿ ಶುರುವಾಯಿತು. ನಿಲ್ಲಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರು ಏನು ತಿಂದ ಅಂತ ಕೇಳಿದರು. ಕ್ಲೈಂಬಿಂಗ್ ಆನಿಯನ್ ಅಂದೆ. ಆನಿಯನ್ನಾ ಅಂತ ಮತ್ತೆ ಕೇಳಿದರು. ತಪ್ಪು ಅವರದಲ್ಲ. ಈರುಳ್ಳಿ ತಿಂದು ವಾಂತಿ ಅಂದರೆ ಯಾರಿಗಾದರೂ ಹೊಟ್ಟೆ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ ಅಲ್ವಾ? ನಾನು ಮಾರಿದವರ ಪುಟ ತೆಗೆದು ಹುಡುಕಿದೆ, ಅಲ್ಲಿ ಏನೂ ಇಲ್ಲ. ಫೋನ್ ಮಾಡಿದೆ, ತೆಗೆಯಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಸಕ್ಯುಲೆಂಟ್ ಬೆಳೆಸುವ ಗೆಳತಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ಬೋವಿಯಾ, ಹೃದಯಕ್ಕೆ ವಿಷ, ಡಾಕ್ಟರಿಗೆ ಈಗಲೇ ತೋರಿಸು. ಹೆಸರು ಹುಡುಕುವುದರಲ್ಲೇ ಇಪ್ಪತ್ತು ನಿಮಿಷ ಹೋಗಿತ್ತು.

ಆ ಹೆಸರು ಕೊಟ್ಟ ಮೇಲೆ ಎಲ್ಲವೂ ಬದಲಾಯಿತು. ಇಸಿಜಿ ತೆಗೆದರು. ರಕ್ತದಲ್ಲಿ ಪೊಟ್ಯಾಸಿಯಂ ನೋಡಿದರು. ನಾಡಿ ನಲವತ್ತೆಂಟಕ್ಕೆ ಇಳಿದಿತ್ತು. ಹಳದಿ ಕಣಗಿಲೆ ಕಾಯಿ ತಿಂದವರಿಗೆ ಆಗುವುದೂ ಹೀಗೇ ಅಂತ ಹಿರಿಯ ಡಾಕ್ಟರು ಹೇಳಿದಾಗ ನನಗೆ ಪೂರ್ತಿ ಅರ್ಥವಾಯಿತು. ಕಣಗಿಲೆ ವಿಷ ಅನ್ನೋದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದರಷ್ಟೇ ಭಯ ಪಡಬೇಕಾದ ಗಡ್ಡೆಯನ್ನು ನಾನು ಈರುಳ್ಳಿ ಬುಟ್ಟಿಯ ಪಕ್ಕ ಇಟ್ಟಿದ್ದೆ.

ಈ ವಿಷಗಳ ಗುಂಪಿಗೆ ಬುಫಾಡಯಿನೊಲೈಡ್ ಅಂತ ಹೆಸರು. ಬುಫೋ ಅಂದರೆ ನೆಲಗಪ್ಪೆ. ಅದರ ಚರ್ಮದಲ್ಲಿರುವುದೂ ಇದೇ ಗುಂಪಿನ ವಿಷ. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವ ಒಂದು ಪಂಪು ಇರುತ್ತದೆ. ಈ ವಿಷ ಆ ಪಂಪನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಹೃದಯದ ಲಯ ತಪ್ಪುತ್ತದೆ. ಬೇಯಿಸಿದರೆ ಹೋಗುತ್ತದೆ ಅಂತ ನಂಬಬೇಡಿ. ನಾಯಿ, ಬೆಕ್ಕು, ದನಕರುಗಳಿಗೂ ಅಪಾಯವೇ. ಗಡ್ಡೆ ಮಾತ್ರವಲ್ಲ, ಇಡೀ ಗಿಡವನ್ನೇ ವಿಷ ಅಂತ ತಿಳಿದುಕೊಳ್ಳಿ. ಇದಕ್ಕೆ ಈರುಳ್ಳಿಯ ಘಾಟು ಇಲ್ಲ, ಕಣ್ಣು ಉರಿಸುವುದಿಲ್ಲ. ಗುರುತು ಹಿಡಿಯಲು ಅದೊಂದೇ ಸುಳಿವು, ಅದೂ ಹೆಚ್ಚಿದ ಮೇಲೆ ಸಿಗುವ ಸುಳಿವು.

ಯಾರಾದರೂ ತಿಂದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಸೀದಾ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108. ಉಳಿದ ತುಂಡನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ದೆಹಲಿಯ ಏಮ್ಸ್‌ನಲ್ಲಿ ವಿಷದ ಬಗ್ಗೆ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರ ಇದೆ, ದಿನದ 24 ಗಂಟೆಯೂ ಫೋನ್ ತೆಗೆಯುತ್ತಾರೆ: 1800 116 117. ವಾಂತಿ ನಿಂತಿತು ಅಂತ ಮನೆಗೆ ಬರಬೇಡಿ, ಡಾಕ್ಟರು ಬಿಡುವವರೆಗೂ ಅಲ್ಲೇ ಇರಿ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು, ಅದೂ ಬೇಸರದ್ದೇ. ನನಗೆ ಬಂದ ಗಡ್ಡೆ ಹನ್ನೆರಡು ಸೆಂಟಿಮೀಟರ್ ಅಗಲ ಇತ್ತು, ಮೈಮೇಲೆ ಹಳೆಯ ಗಾಯದ ಗುರುತು, ಬೇರು ಪೂರ್ತಿ ಕತ್ತರಿಸಿತ್ತು. ಬೀಜದಿಂದ ಬಂದ ಗಿಡ ಅಷ್ಟು ದಪ್ಪ ಆಗಲು ತುಂಬಾ ವರ್ಷ ಬೇಕು. ಕಾಡಿನಿಂದ ಕಿತ್ತದ್ದಿರಬಹುದು ಅಂತ ಗೆಳತಿ ಹೇಳಿದಳು. ದಕ್ಷಿಣ ಆಫ್ರಿಕಾದಲ್ಲಿ ನಾಟಿ ಔಷಧಿಯ ಸಂತೆಗಳಿಗೆ ಈ ಗಡ್ಡೆಯನ್ನು ಕಿತ್ತು ಕಿತ್ತು ಅದು ಅಳಿವಿನ ಅಪಾಯದಲ್ಲಿರುವ ಗಿಡಗಳ ಪಟ್ಟಿ ಸೇರಿದೆ. ನಮ್ಮ ದೇಶಕ್ಕೆ ಹೊರಗಿನಿಂದ ಗಿಡ ತರಬೇಕಾದರೂ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ರೋಗ ಇಲ್ಲ ಅನ್ನುವ ಪ್ರಮಾಣಪತ್ರ ಬೇಕು. ಕೊಳ್ಳುವುದಾದರೆ ಇಲ್ಲೇ ಬೀಜದಿಂದ ಅಥವಾ ಪದರದಿಂದ ಬೆಳೆಸಿದ ಚಿಕ್ಕ ಗಡ್ಡೆ ಕೊಳ್ಳಿ. ಒಂದು ಗಟ್ಟಿ ಪದರವನ್ನು ಒಣಗಿಸಿ ಮರಳಿನ ಮೇಲೆ ಇಟ್ಟರೆ ಬುಡದಲ್ಲಿ ಕಾಳಿನಂಥ ಮರಿಗಳು ಬರುತ್ತವೆ. ನಿಧಾನ, ಆದರೆ ಬರುತ್ತವೆ.

ಉಳಿದ ಒಂದು ಗಡ್ಡೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಗಿಡದ ತಪ್ಪೇನಿದೆ? ಈಗ ಅದು ಮಣ್ಣಿನ ಕುಂಡದಲ್ಲಿದೆ. ಗಡ್ಡೆಗಿಂತ ಎರಡು ಬೆರಳಷ್ಟೇ ಅಗಲದ ಕುಂಡ. ಅರ್ಧಕ್ಕಿಂತ ಜಾಸ್ತಿ ಇಟ್ಟಿಗೆ ಚೂರು, ದಪ್ಪ ಮರಳು, ಉಳಿದದ್ದು ಎಲೆಗೊಬ್ಬರ. ಮಧ್ಯಾಹ್ನದ ಬಿಸಿಲು ನೇರ ಬೀಳುವುದಿಲ್ಲ, ಮಳೆಯೂ ತಾಗುವುದಿಲ್ಲ. ಮೇಲಿನ ಒಣ ಸಿಪ್ಪೆಯನ್ನು ಕೀಳುವುದಿಲ್ಲ, ಆದರೆ ಅದರಡಿ ಹಿಟ್ಟು ತಿಗಣೆ ಸೇರಿಕೊಂಡಿದೆಯಾ ಅಂತ ಆಗಾಗ ನೋಡುತ್ತೇನೆ. ಮುಟ್ಟುವಾಗ ಗ್ಲೌಸ್. ಮಗಳ ಕೈಗೆ ಎಟುಕದ ಹಾಗೆ ಎತ್ತರದಲ್ಲಿ ಬೀಗ ಹಾಕುವ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ಕುಂಡದ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ: ಬೋವಿಯಾ ವೊಲ್ಯುಬಿಲಿಸ್, ವಿಷ. ಅದೇ ಬರಹದ ಫೋಟೋ ಮನೆಯವರೆಲ್ಲರ ಫೋನಿನಲ್ಲೂ ಇದೆ.

ಮಾರಿದವರಿಗೆ ನಡೆದದ್ದನ್ನೆಲ್ಲ ಬರೆದು, ಪುಟದಲ್ಲಿ ವಿಷ ಅಂತ ಹಾಕಿ ಅಂತ ಕೇಳಿಕೊಂಡೆ. ಉತ್ತರ ಬಂದಿಲ್ಲ. ಪುಟ ಇವತ್ತಿಗೂ ಹಾಗೇ ಇದೆ, ಈರುಳ್ಳಿ ಅಂತಲೇ ಮಾರುತ್ತಿದ್ದಾರೆ.

ಜನವರಿಯಲ್ಲಿ ಮರಳಿನ ಮೇಲಿಟ್ಟ ಎರಡು ಪದರಗಳಲ್ಲಿ ಐದು ಮರಿ ಬಂದಿವೆ. ಇಬ್ಬರು ಪರಿಚಯದವರು ಕೇಳಿದ್ದಾರೆ. ಒಬ್ಬರ ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಅವರಿಗೆ ಕೊಡಲ್ಲ ಅಂತ ಹೇಳಿದ್ದೇನೆ. ಇನ್ನೊಬ್ಬರಿಗೆ ಕೊಡುವಾಗ ಕುಂಡದ ಜೊತೆ ಹೆಸರು ಬರೆದ ಚೀಟಿಯನ್ನೂ ಕೊಟ್ಟೆ, ಅವರು ಅದನ್ನು ಅಂಟಿಸುವವರೆಗೂ ಅಲ್ಲೇ ನಿಂತಿದ್ದೆ.